ಪಿಸಿಒಡಿ ಇದೆ, ಐವಿಎಫ್ ಇಂಜೆಕ್ಷನ್ ಶುರುವಾಗ್ತಿದೆ: ಹೊಟ್ಟೇಲಿ ನೀರು ತುಂಬದ ಹಾಗೆ ಮೊದಲೇ ಏನು ಮಾಡಬಹುದು?

ಮಂಡ್ಯದ_ಸೊಸೆ
ಗುರುವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು, ವಯಸ್ಸು 28, ಮದುವೆಯಾಗಿ ಆರು ವರ್ಷ. ಪಿಸಿಒಡಿ (ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ಇರೋ ಹಾರ್ಮೋನ್ ತೊಂದರೆ) ಇದೆ, ಮುಟ್ಟು ಎರಡು ಮೂರು ತಿಂಗಳಿಗೊಂದ್ಸಲ. ಮಾತ್ರೆ ಆಯ್ತು, ಮೂರು ಸಲ ಐಯುಐ (ವೀರ್ಯನ ನೇರವಾಗಿ ಗರ್ಭಕೋಶಕ್ಕೆ ಬಿಡೋದು) ಆಯ್ತು. ಈಗ ಮೈಸೂರಲ್ಲಿ ಐವಿಎಫ್ (ಮೊಟ್ಟೆ ಹೊರಗೆ ತೆಗೆದು ಲ್ಯಾಬಲ್ಲಿ ಭ್ರೂಣ ಮಾಡೋದು) ಮಾಡಿಸೋದು ಅಂತ ತೀರ್ಮಾನ ಮಾಡಿದೀವಿ. ಮುಂದಿನ ವಾರ ಮುಟ್ಟಾದ ಎರಡನೇ ದಿನಕ್ಕೆ ಇಂಜೆಕ್ಷನ್ ಶುರು.

ಎಎಂಎಚ್ (ಅಂಡಾಶಯದಲ್ಲಿ ಎಷ್ಟು ಮೊಟ್ಟೆ ಉಳಿದಿದೆ ಅಂತ ಅಂದಾಜು ಕೊಡೋ ರಕ್ತ ಪರೀಕ್ಷೆ) 8.2 ಬಂದಿದೆ. ಸ್ಕ್ಯಾನಿಂಗಲ್ಲಿ ಎರಡೂ ಕಡೆ ಇಪ್ಪತ್ತಕ್ಕೂ ಜಾಸ್ತಿ ಸಣ್ಣ ಸಣ್ಣ ಫಾಲಿಕಲ್ (ಮೊಟ್ಟೆ ಬೆಳೆಯೋ ಚೀಲ) ಇದೆ ಅಂದ್ರು. "ನಿಮಗೆ ಮೊಟ್ಟೆ ಚೆನ್ನಾಗಿ ಬರುತ್ತೆ, ಯೋಚನೆ ಮಾಡ್ಬೇಡಿ" ಅಂದ್ರು. ಆದ್ರೆ ನಮ್ಮ ಯಜಮಾನರ ಚಿಕ್ಕಪ್ಪನ ಮಗಳಿಗೆ ಹೋದ ವರ್ಷ ಹೀಗೇ ಚೆನ್ನಾಗಿ ಬಂದು, ಆಮೇಲೆ ಹೊಟ್ಟೆ ಊದಿ, ಉಸಿರು ಕಟ್ಟಿ, ಒಂಬತ್ತು ದಿನ ಆಸ್ಪತ್ರೇಲಿ ಮಲಗಿದ್ದಳು. ಅವಳಿಗೂ ನನ್ನ ಹಾಗೆ ಪಿಸಿಒಡಿ, ನನ್ನ ಹಾಗೇ ಸಣ್ಣ ಮೈ.

ಡಾಕ್ಟರನ್ನ ಕೇಳಿದ್ರೆ "ನಾವು ನೋಡ್ಕೋತೀವಿ" ಅಂತಾರೆ. ಅವರ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಏನು ನೋಡ್ಕೋತಾರೆ, ಯಾವಾಗ ನೋಡ್ಕೋತಾರೆ ಅಂತ ನನಗೂ ಗೊತ್ತಿದ್ರೆ ರಾತ್ರಿ ನಿದ್ದೆ ಬರುತ್ತೆ. ಗೊತ್ತಿರೋರು ದಯವಿಟ್ಟು ಹೇಳಿ.

ಕುವೆಂಪುನಗರ_ಅಕ್ಕ
ಗುರುವಾರ, ರಾತ್ರಿ 10:40

ತಂಗಿ, ನೀನು ಅಂತಲೇ ಬರೀತೀನಿ, ನನಗಿಂತ ಹತ್ತು ವರ್ಷ ಚಿಕ್ಕವಳು ನೀನು. ನಿನ್ನ ಭಯ ಸುಮ್ಮನೆ ಹುಟ್ಟಿದ್ದಲ್ಲ. 2019ರಲ್ಲಿ ನನಗೆ ಆಗಿದ್ದು ಇದೇ. ಆಸ್ಪತ್ರೆ ಹೆಸರು ಬೇಡ, ನಡೆದದ್ದು ಮಾತ್ರ ಹೇಳ್ತೀನಿ.

ನನಗೆ 29 ಮೊಟ್ಟೆ ಸಿಕ್ತು. ಆವತ್ತು ನಮ್ಮಮ್ಮ ಚಾಮುಂಡಿ ಬೆಟ್ಟಕ್ಕೆ ಹರಕೆ ತೀರಿಸೋಕೆ ಹೋಗಿದ್ರು. ಅದೇ ವಾರ ಭ್ರೂಣ ಒಳಗೆ ಇಟ್ಟರು. ಅದು ನಿಲ್ಲಲಿ ಅಂತ ಎಚ್‌ಸಿಜಿ (ಗರ್ಭ ನಿಂತಾಗ ಬರೋ ಹಾರ್ಮೋನ್) ಇಂಜೆಕ್ಷನ್ ಮತ್ತೆ ಎರಡು ಕೊಟ್ಟರು. ಹೊಟ್ಟೆ ಬಿಗೀತಿತ್ತು. ಫೋನ್ ಮಾಡಿದ್ರೆ ಗ್ಯಾಸ್ ಇರ್ಬೇಕು, ಸರಿ ಹೋಗುತ್ತೆ ಅಂದ್ರು. ಜೀರಿಗೆ ಕಷಾಯ ಕುಡಿದುಕೊಂಡು ಕೂತಿದ್ದೆ.

ಭ್ರೂಣ ಇಟ್ಟ ಒಂಬತ್ತನೇ ದಿನ ಬೆಳಗ್ಗೆ ಸ್ನಾನ ಮಾಡಿ ಲಂಗ ಕಟ್ಟೋಕೆ ಹೋದ್ರೆ ಲಾಡಿಯ ಎರಡು ತುದಿ ಸೇರಲಿಲ್ಲ. ಹಿಂದಿನ ವಾರ ಗಂಟು ಹಾಕಿದ ಮೇಲೂ ಒಂದು ಗೇಣು ಲಾಡಿ ಉಳೀತಿತ್ತು. ಆವತ್ತು ರಾತ್ರಿ ಮಲಗೋಕಾಗ್ಲಿಲ್ಲ, ಮಲಗಿದ್ರೆ ಉಸಿರು ಸಿಗ್ತಿರ್ಲಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂತೇ ಇದ್ದೆ. ಬೆಳಗ್ಗೆಯಿಂದ ಸಂಜೆವರೆಗೆ ಉಚ್ಚೆ ಒಂದೇ ಸಲ, ಅದೂ ಟೀ ಡಿಕಾಕ್ಷನ್ ಬಣ್ಣ. ಅಡ್ಮಿಟ್ ಆದಾಗ ರಕ್ತ ಗಟ್ಟಿಯಾಗಿದೆ ಅಂದ್ರು, ಹೆಮಟೋಕ್ರಿಟ್ 48. ಸ್ಕ್ಯಾನ್ ನೋಡ್ಕೊಂಡು ಸೂಜಿ ಹಾಕಿ ಎರಡೂವರೆ ಲೀಟರ್ ನೀರು ತೆಗೆದ್ರು. ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ಹೊಟ್ಟೆಗೆ ಒಂದು ಇಂಜೆಕ್ಷನ್. ಎಂಟು ದಿನ.

ಆ ಗರ್ಭ ನಿಲ್ಲಲಿಲ್ಲ. ಇದೇ ಕಾರಣ ಅಂತ ಯಾರೂ ಹೇಳಲಿಲ್ಲ, ನಾನೂ ಹೇಳೋದಿಲ್ಲ.

ಆಮೇಲೆ ಬೇರೆ ಡಾಕ್ಟರ ಹತ್ತಿರ ಹೋದಾಗ ಫೈಲ್ ನೋಡಿ ಅವರು ಕೇಳಿದ್ದು ಎರಡೇ ಪ್ರಶ್ನೆ. ಟ್ರಿಗರ್ ಯಾವುದು ಕೊಟ್ಟರು? ಭ್ರೂಣ ಫ್ರೀಜ್ ಮಾಡದೆ ಆಗಲೇ ಯಾಕೆ ಇಟ್ಟರು? ಈ ಎರಡನ್ನೂ ನಾನು ಮೊದಲೇ ಕೇಳಬಹುದಿತ್ತಲ್ಲ, ಕೇಳಬೇಕು ಅಂತ ನನಗೆ ಗೊತ್ತೇ ಇರ್ಲಿಲ್ಲವಲ್ಲ ಅಂತ ಆವತ್ತು ಕಾರಲ್ಲಿ ಕೂತು ಅತ್ತೆ. ಅದಕ್ಕೇ ಇಷ್ಟು ಹೊತ್ತಲ್ಲಿ ಕೂತು ಇದನ್ನ ಬರೀತಿದೀನಿ.

ಡ್ಯೂಟಿ_ಸಿಸ್ಟರ್
ಶುಕ್ರವಾರ, ಬೆಳಗ್ಗೆ 6:25

ನೈಟ್ ಡ್ಯೂಟಿ ಮುಗಿಸಿ ಓದಿದೆ. ಮೈಸೂರಲ್ಲೇ ಈ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದೀನಿ. ಅಕ್ಕ ಹೇಳಿದ ಎರಡು ಪ್ರಶ್ನೇಲೇ ಮುಕ್ಕಾಲು ವಿಷಯ ಇದೆ. ಉಳಿದದ್ದು ನಾನು ಸೇರಿಸ್ತೀನಿ.

ಇದನ್ನ ಓಎಚ್‌ಎಸ್‌ಎಸ್ ಅಂತಾರೆ. ಅಂಡಾಶಯ ಇಂಜೆಕ್ಷನ್‌ಗೆ ಮಿತಿಮೀರಿ ಸ್ಪಂದಿಸೋದು. ಸ್ವಲ್ಪ ಹೊಟ್ಟೆ ಉಬ್ಬರ, ಸ್ವಲ್ಪ ನೋವು, ಇದು ಐವಿಎಫ್ ಮಾಡಿಸೋರಲ್ಲಿ ಮೂರರಲ್ಲೊಬ್ಬರಿಗೆ ಬರುತ್ತೆ, ತಾನಾಗೇ ಹೋಗುತ್ತೆ. ಅದಕ್ಕೆ ಹೆದರಬೇಡಿ. ಮಧ್ಯಮ, ತೀವ್ರ ಅಂತ ಹೇಳೋದು ನೂರಕ್ಕೆ ಮೂರರಿಂದ ಎಂಟು ಜನಕ್ಕೆ. ಯಾರಿಗೆ ಬರಬಹುದು ಅಂತ ಬಹಳಷ್ಟು ಸಲ ಮೊದಲೇ ಗೊತ್ತಾಗುತ್ತೆ. ಪಿಸಿಒಡಿ ಇರೋರು, ಚಿಕ್ಕ ವಯಸ್ಸಿನೋರು, ತೂಕ ಕಡಿಮೆ ಇರೋರು, ಎಎಂಎಚ್ 3.4ಕ್ಕಿಂತ ಜಾಸ್ತಿ ಇರೋರು, ಎರಡೂ ಕಡೆ ಸೇರಿ ಫಾಲಿಕಲ್ 24 ದಾಟಿರೋರು, ಹಿಂದೆ ಒಂದ್ಸಲ ಆಗಿರೋರು. ಮಂಡ್ಯದ ಅಕ್ಕ, ಇದರಲ್ಲಿ ಹೆಚ್ಚು ಕಮ್ಮಿ ಎಲ್ಲವೂ ನಿಮಗಿದೆ. ಹೆದರಿಸೋಕೆ ಹೇಳ್ತಿಲ್ಲ. ಮೊದಲೇ ಗೊತ್ತಿರೋದರಿಂದಲೇ ನಿಮ್ಮನ್ನ ಕಾಪಾಡೋದು ಸುಲಭ.

ಇಂಜೆಕ್ಷನ್ ಶುರು ಮಾಡೋ ಮುಂಚೆ ಕೇಳಿ: ಆಂಟಗನಿಸ್ಟ್ ಪದ್ಧತೀಲಿ ಮಾಡ್ತೀರಾ? ಅಂದ್ರೆ ಆರನೇ ದಿನದ ಆಸುಪಾಸಿಂದ ಮೊಟ್ಟೆ ಬೇಗ ಬಿಡುಗಡೆ ಆಗದ ಹಾಗೆ ಸೆಟ್ರೊರೆಲಿಕ್ಸ್ ತರಹದ ಇಂಜೆಕ್ಷನ್ ಕೊಡೋದು. ಪಿಸಿಒಡಿ ಇರೋರಿಗೆ ಇದೇ ಸುರಕ್ಷಿತ, ಫಲಿತಾಂಶದಲ್ಲೂ ಕೊರತೆ ಇಲ್ಲ ಅಂತ ಯೂರೋಪಿನ ತಜ್ಞರ ಸಂಸ್ಥೆ ಇಎಸ್‌ಎಚ್‌ಆರ್‌ಇ 2019ರ ಮಾರ್ಗಸೂಚೀಲೇ ಹೇಳಿದೆ. ಹಾರ್ಮೋನ್ ಇಂಜೆಕ್ಷನ್ ಎಷ್ಟು ಯೂನಿಟ್ ಅಂತಲೂ ಕೇಳಿ. ನಿಮ್ಮಂಥೋರಿಗೆ 150 ಅಥವಾ ಅದಕ್ಕಿಂತ ಕಡಿಮೆಯಿಂದ ಶುರು ಮಾಡೋದು ವಾಡಿಕೆ. ಆಮೇಲೆ ಸ್ಕ್ಯಾನ್ ನೋಡಿ ಏರಿಸೋದು ಇಳಿಸೋದು ಅವರಿಗೆ ಬಿಟ್ಟಿದ್ದು.

ಎಲ್ಲಕ್ಕಿಂತ ದೊಡ್ಡದು ಟ್ರಿಗರ್. ಮೊಟ್ಟೆ ತೆಗೆಯೋಕೆ ಸುಮಾರು 36 ಗಂಟೆ ಮುಂಚೆ ಕೊಡೋ ಇಂಜೆಕ್ಷನ್. ಎಚ್‌ಸಿಜಿ ಕೊಟ್ಟರೆ ಅದು ದಿನಗಟ್ಟಲೆ ಮೈಯಲ್ಲಿ ಉಳಿಯುತ್ತೆ, ಅಷ್ಟೂ ದಿನ ಅಂಡಾಶಯನ ಚುಚ್ಚುತ್ತಲೇ ಇರುತ್ತೆ. ಅದರ ಬದಲು ಲ್ಯುಪ್ರೊಲೈಡ್ ಅಥವಾ ಟ್ರಿಪ್ಟೊರೆಲಿನ್ ಕೊಟ್ಟರೆ ನಮ್ಮ ಮೆದುಳಿನ ಕೆಳಗಿರೋ ಪಿಟ್ಯುಟರಿಯಿಂದಲೇ ಎಲ್‌ಎಚ್ ಹಾರ್ಮೋನ್ ಒಮ್ಮೆ ಜೋರಾಗಿ ಬಂದು ಬೇಗ ಇಳಿದುಹೋಗುತ್ತೆ. ಮೊಟ್ಟೆ ಮಾಗುತ್ತೆ, ಬೆಂಕಿ ಉಳಿಯೋದಿಲ್ಲ. ಆದ್ರೆ ಒಂದು ಮಾತು: ಹಳೇ ಲಾಂಗ್ ಪ್ರೊಟೊಕಾಲ್‌ನಲ್ಲಿ ಪಿಟ್ಯುಟರೀನ ಮೊದಲೇ ಮಲಗಿಸಿಬಿಟ್ಟಿರ್ತಾರೆ, ಅಲ್ಲಿ ಈ ಟ್ರಿಗರ್ ಕೆಲಸ ಮಾಡಲ್ಲ. ಅದಕ್ಕೇ ಮೊದಲ ದಿನವೇ ಕೇಳಿ ಅಂದಿದ್ದು. ಹತ್ತನೇ ದಿನ ಕೇಳಿದ್ರೆ ದಾರಿ ಮುಚ್ಚಿರುತ್ತೆ.

ಪಾಂಡವಪುರ_ಗೌಡ
ಶುಕ್ರವಾರ, ಬೆಳಗ್ಗೆ 8:03

ಸಿಸ್ಟರೇ, ನಮ್ಮನೇವಳಿಗೂ ಇದೇ ಟ್ರೀಟ್‌ಮೆಂಟ್ ನಡೀತಾ ಅದೆ. ನಂಗೊಂದು ಅನುಮಾನ. ಇಷ್ಟು ದುಡ್ಡು ಸುರೀತೀವಿ, ಕಬ್ಬಿನ ಬಿಲ್ಲು ಬಂದುದ್ದೆಲ್ಲ ಅಲ್ಲೇ ಕಟ್ಟಿವ್ನಿ. ಮೊಟ್ಟೆ ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವಾ? ಡೋಸು ಕಮ್ಮಿ ಮಾಡಿ ಅಂತ ನಾವೇ ಕೇಳದು ಎಂಗೆ? ಇನ್ನೊಂದು, ನಮ್ಮವ್ವ ದಿನಕ್ಕೆ ನಾಕು ಎಳನೀರು ಕುಡಿಸ್ತಾವ್ಳೆ, ಹೊಟ್ಟೆ ತಂಪಾಗಿರ್ತದೆ, ನೀರು ತುಂಬಾಕಿಲ್ಲ ಅಂತ. ಸರೀನಾ?

ಡ್ಯೂಟಿ_ಸಿಸ್ಟರ್
ಶುಕ್ರವಾರ, ಬೆಳಗ್ಗೆ 8:30

ಗೌಡ್ರೆ, ಕಷ್ಟಪಟ್ಟ ದುಡ್ಡು, ನಿಮ್ಮ ಮಾತು ಅರ್ಥ ಆಗುತ್ತೆ. ಆದ್ರೆ 35 ಮೊಟ್ಟೆ ಬಂದ್ರೆ 35 ಮಕ್ಕಳಲ್ಲ. ಅದರಲ್ಲಿ ಮಾಗದೆ ಇರೋದು ಎಷ್ಟೋ, ಕೂಡದೆ ಇರೋದು ಎಷ್ಟೋ, ಐದನೇ ದಿನದವರೆಗೆ ಬೆಳೀದೆ ನಿಂತುಹೋಗೋದು ಎಷ್ಟೋ. ಹನ್ನೆರಡು ಹದಿನೈದು ಮೊಟ್ಟೆ ಬಂದು ನಿಮ್ಮ ಮನೆಯವರು ಮಾರನೇ ದಿನ ಎದ್ದು ಓಡಾಡಿಕೊಂಡಿದ್ರೆ ನನಗೆ ಅದೇ ಸಂತೋಷ.

ಎಳನೀರು ದಿನಕ್ಕೊಂದು ಕುಡೀಲಿ, ಬೇಡ ಅನ್ನಲ್ಲ. ಆದ್ರೆ ಎಳನೀರು ಇದನ್ನ ತಡೆಯೋದಿಲ್ಲ. ತೀವ್ರ ಓಎಚ್‌ಎಸ್‌ಎಸ್ ಬಂದಾಗ ಕಿಡ್ನಿ ಕೆಲಸ ಕುಂದಿ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಸೋಡಿಯಂ ಇಳಿಯಬಹುದು. ಎಳನೀರಲ್ಲಿ ಇರೋದೇ ಪೊಟ್ಯಾಸಿಯಂ. ಹೊಟ್ಟೆ ಊದಿ ಉಚ್ಚೆ ಕಮ್ಮಿ ಆದಾಗ ನಾಲ್ಕು ನಾಲ್ಕು ಎಳನೀರು ಸುರಿಯೋದು ಅಪಾಯ. ಬಾಯಾರಿದಷ್ಟು ಕುಡೀಬೇಕು, ಬಲವಂತವಾಗಿ ಐದಾರು ಲೀಟರ್ ಅಲ್ಲ. ಅಮ್ಮನಿಗೆ ನೀವೇ ನಿಧಾನವಾಗಿ ಹೇಳಿ. ಅವರು ಪ್ರೀತಿಯಿಂದ ಮಾಡ್ತಿದಾರೆ.

ಪ್ರಾಣಿಶಾಸ್ತ್ರ_ಮೇಷ್ಟ್ರು
ಶುಕ್ರವಾರ, ಸಂಜೆ 5:50

ನಾನು ಪಿಯು ಕಾಲೇಜಲ್ಲಿ ಜೀವಶಾಸ್ತ್ರ ಹೇಳಿಕೊಡುವವನು. ನಾವೂ ಈ ದಾರಿಯಲ್ಲಿ ನಡೆದವರೇ, ಆಗ ಓದಿಕೊಂಡದ್ದು ಹೇಳುತ್ತೇನೆ.

ಎಲ್ಲರೂ "ನೀರು ತುಂಬುತ್ತೆ" ಅಂತೀವಿ. ಆ ನೀರು ಎಲ್ಲಿಂದ ಬಂತು? ಕುಡಿದ ನೀರು ನೇರವಾಗಿ ಹೊಟ್ಟೆಗಿಳಿದದ್ದಲ್ಲ. ನಮ್ಮ ರಕ್ತದ್ದೇ ನೀರು. ಎಚ್‌ಸಿಜಿ ಬಿದ್ದಾಗ ಮೊಟ್ಟೆಯ ಸುತ್ತ ಇರುವ ಕೋಶಗಳು ವಿಇಜಿಎಫ್ ಎಂಬ ಪದಾರ್ಥವನ್ನು ಬಿಡುತ್ತವೆ. ಹತ್ತು ಫಾಲಿಕಲ್ ಇದ್ದರೆ ಹತ್ತರದ್ದು, ನಲವತ್ತು ಇದ್ದರೆ ನಲವತ್ತರದ್ದು. ಅದು ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲ ಮಾಡುತ್ತದೆ. ಆಗ ಬಸ್ಸಾರಿಗೆ ಕಾಳು ಬಸಿದ ಹಾಗೆ ರಕ್ತದ ನೀರು ಹೊರಗೆ ಬಸಿದು ಹೊಟ್ಟೆಯೊಳಗೆ ನಿಲ್ಲುತ್ತದೆ, ಗಟ್ಟಿ ಭಾಗ ನಾಳದಲ್ಲೇ ಉಳಿಯುತ್ತದೆ. ಹೊಟ್ಟೆ ತುಂಬ ನೀರು, ನಾಳದೊಳಗೆ ನೀರಿಗೆ ಬರ. ಕಿಡ್ನಿಗೆ ನೀರು ಸಾಲದೆ ಮೂತ್ರ ಕಡಿಮೆಯಾಗುವುದು, ರಕ್ತ ಗಟ್ಟಿಯಾಗಿ ಕಾಲಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟುವ ಭಯ, ಎಲ್ಲವೂ ಈ ಬಸಿಯುವಿಕೆಯಿಂದಲೇ. ಅಂಡಾಶಯವೂ ಬೆಟ್ಟದ ನೆಲ್ಲಿಕಾಯಿ ಗಾತ್ರದಿಂದ ಮೂಸಂಬಿಯಷ್ಟಾಗುತ್ತದೆ. ಭಾರಕ್ಕೆ ತಿರುಚಿಕೊಳ್ಳಲೂಬಹುದು. ಭಾರ ಎತ್ತಬೇಡಿ, ಬಗ್ಗಿ ಬಗ್ಗಿ ಕೆಲಸ ಮಾಡಬೇಡಿ, ಕೆಲವು ದಿನ ದಂಪತಿಗಳು ದೂರವಿರಿ ಎನ್ನುವುದು ಅದಕ್ಕೇ.

ಗರ್ಭ ನಿಂತರೆ ಆ ಗರ್ಭವೇ ಎಚ್‌ಸಿಜಿ ತಯಾರಿಸುತ್ತದೆ. ಹಾಗಾಗಿ ಎರಡು ಕಾಲದಲ್ಲಿ ಇದು ಬರಬಹುದು: ಟ್ರಿಗರ್ ಕೊಟ್ಟ ಮೊದಲ ಒಂಬತ್ತು ದಿನದೊಳಗೆ ಒಂದು, ಹತ್ತನೇ ದಿನದ ನಂತರ ಇನ್ನೊಂದು. ಎರಡನೆಯದು ಗರ್ಭದ ಎಚ್‌ಸಿಜಿಯಿಂದ ಬರುವುದು, ಹೆಚ್ಚು ದಿನ ಕಾಡುವುದೂ ಅದೇ. ಅಕ್ಕನವರಿಗೆ ಆದದ್ದು ಅದು. ಭ್ರೂಣವನ್ನು ಆ ತಿಂಗಳು ಒಳಗಿಡದೆ ಫ್ರೀಜ್ ಮಾಡಿಟ್ಟರೆ ಈ ಎರಡನೆಯ ಬಾಗಿಲು ಮುಚ್ಚಿಹೋಗುತ್ತದೆ.

ಫ್ರೀಜ್ ಮಾಡಿದರೆ ಫಲ ಕಡಿಮೆಯಾಗುತ್ತದೆಯೇ ಎಂದು ನನ್ನ ಹೆಂಡತಿ ಕೇಳಿದ್ದಳು. ಚೀನಾದಲ್ಲಿ ಪಿಸಿಒಎಸ್ (ನಾವು ಪಿಸಿಒಡಿ ಎನ್ನುವುದೇ) ಇರುವ 1,508 ಮಹಿಳೆಯರ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಗಿದೆ. ಫ್ರೀಜ್ ಮಾಡಿ ಆಮೇಲೆ ಇಟ್ಟವರಲ್ಲಿ ನೂರಕ್ಕೆ 49.3 ಮಂದಿಗೆ ಮಗುವಾಯಿತು, ಆಗಲೇ ಇಟ್ಟವರಲ್ಲಿ 42. ಓಎಚ್‌ಎಸ್‌ಎಸ್ ಫ್ರೀಜ್ ಗುಂಪಿನಲ್ಲಿ ನೂರಕ್ಕೆ 1.3, ಇನ್ನೊಂದರಲ್ಲಿ 7.1. ಆ ಅಂಕಿಗಳನ್ನು ಅವಳಿಗೆ ತೋರಿಸಿದ ದಿನ ಮನೆಯಲ್ಲಿ ವಾದ ನಿಂತಿತು.

ಇನ್ನೊಂದು ವಿಷಯ ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಕಲ್ಕತ್ತೆಯ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರು 1978ರಲ್ಲೇ ಇಂಜೆಕ್ಷನ್ ಕೊಟ್ಟು ಮೊಟ್ಟೆ ತೆಗೆದು, ಭ್ರೂಣವನ್ನು ಶೈತ್ಯದಲ್ಲಿಟ್ಟು, ಬೇರೆ ತಿಂಗಳಲ್ಲಿ ಗರ್ಭಕ್ಕೆ ಸೇರಿಸಿದರು. ಆ ಮಗು ಹುಟ್ಟಿದ್ದು 1978ರ ಅಕ್ಟೋಬರ್ 3ರಂದು. ಅವರ ಮಾತನ್ನು ಆಗ ನಂಬಲಿಲ್ಲ, 1981ರಲ್ಲಿ ಅವರು ತಮ್ಮ ಜೀವವನ್ನೇ ತೆಗೆದುಕೊಂಡರು. ಇವತ್ತು ಯಾರಾದರೂ "ಈ ತಿಂಗಳು ಬೇಡ, ಫ್ರೀಜ್ ಮಾಡೋಣ" ಎಂದಾಗ ನನಗೆ ಅವರ ನೆನಪಾಗುತ್ತದೆ.

ನಂಜನಗೂಡಿನ_ಅತ್ತೆ
ಶುಕ್ರವಾರ, ರಾತ್ರಿ 7:35

ನನ್ನ ಸೊಸೆ ಫೋನಲ್ಲಿ ಇದನ್ನ ಓದಿ ಹೇಳಿದಳು, ನಾನು ಹೇಳಿದ್ದನ್ನ ಅವಳೇ ಟೈಪ್ ಮಾಡ್ತಿದಾಳೆ. ಹೋದ ತಿಂಗಳು ಡಾಕ್ಟರು ಭ್ರೂಣ ಈಗ ಇಡೋದು ಬೇಡ, ಫ್ರೀಜ್ ಮಾಡೋಣ ಅಂದಾಗ ನಾನು ಬೇಜಾರು ಮಾಡ್ಕೊಂಡೆ. ಇಷ್ಟೆಲ್ಲ ಮಾಡಿ ಮತ್ತೆ ಕಾಯೋದಾ ಅಂತ ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ. ಡಾಕ್ಟರು ಯಾಕೆ ಹಾಗಂದ್ರು ಅಂತ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಈಗ ಗೊತ್ತಾಯ್ತು. ಅವಳ ಮುಂದೇನೇ ಹೇಳ್ತಿದೀನಿ, ತಪ್ಪಾಯ್ತು ಕಣಮ್ಮ.

ಮಂಡ್ಯದ ಮಗಳೇ, ನಿಮ್ಮತ್ತೆಗೂ ಇದನ್ನ ಓದಿ ಹೇಳು. ನಮಗೆ ಗೊತ್ತಾದ್ರೆ ನಾವು ಅಡ್ಡ ಬರೋದಿಲ್ಲ.

ಮದ್ದೂರಿನವಳು
ಶುಕ್ರವಾರ, ರಾತ್ರಿ 9:20

ಐವಿಎಫ್‌ಗೆ ಮಾತ್ರ ಅಂದ್ಕೋಬೇಡಿ. ನನಗೆ ಐಯುಐಗೆ ಅಂತ ಹಾರ್ಮೋನ್ ಇಂಜೆಕ್ಷನ್ ಕೊಡ್ತಿದ್ರು. ಎಂಟನೇ ದಿನದ ಸ್ಕ್ಯಾನಲ್ಲಿ ಹನ್ನೊಂದು ಫಾಲಿಕಲ್ ಕಂಡ್ವು. ಡಾಕ್ಟರು ಟ್ರಿಗರ್ ಕೊಡಲ್ಲ, ಈ ತಿಂಗಳು ನಿಲ್ಲಿಸೋಣ, ನೀವಿಬ್ಬರೂ ಸೇರಬೇಡಿ, ಹೆಚ್ಚು ಮಕ್ಕಳು ಒಟ್ಟಿಗೆ ನಿಂತ್ಬಿಡಬಹುದು ಅಂದ್ರು. ಬಸ್ಸಲ್ಲಿ ವಾಪಸ್ ಬರುವಾಗ ಯಲಿಯೂರು ದಾಟೋವರೆಗೂ ಅಳು ನಿಲ್ಲಲಿಲ್ಲ. ಅಕ್ಕ ಬರೆದಿದ್ದು ಓದಿದ ಮೇಲೆ ಆ ಡಾಕ್ಟರಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ.

ಸಿಸ್ಟರ್, ಕೆಬರ್ಗೊಲಿನ್ ಮಾತ್ರೆ, ಮೆಟ್‌ಫಾರ್ಮಿನ್, ಆಲ್ಬುಮಿನ್ ಡ್ರಿಪ್ ಅಂತೆಲ್ಲ ಕೇಳಿದೀನಿ. ಯಾವುದು ನಿಜ?

ಡ್ಯೂಟಿ_ಸಿಸ್ಟರ್
ಶನಿವಾರ, ಮಧ್ಯಾಹ್ನ 1:15

ಕೆಬರ್ಗೊಲಿನ್ ನಿಜ. ವಿಇಜಿಎಫ್ ಮಾಡೋ ಕಿತಾಪತೀನ ಅದು ತಗ್ಗಿಸುತ್ತೆ. ಟ್ರಿಗರ್ ದಿನದಿಂದಲೋ ಅದರ ಮಾರನೇ ದಿನದಿಂದಲೋ ದಿನಕ್ಕೆ 0.5 ಮಿಲಿಗ್ರಾಂ, ಸುಮಾರು ಎಂಟು ದಿನ, ಡಾಕ್ಟರು ಬರೆದುಕೊಟ್ಟರೆ ಮಾತ್ರ. ರಾತ್ರಿ ಊಟ ಆದ ಮೇಲೆ ತಗೊಳ್ಳಿ, ಕೆಲವರಿಗೆ ತಲೆ ಸುತ್ತುತ್ತೆ, ವಾಂತಿ ಬಂದಂಗಾಗುತ್ತೆ. ಮೆಟ್‌ಫಾರ್ಮಿನ್ ಹಳೇ ಲಾಂಗ್ ಪ್ರೊಟೊಕಾಲಲ್ಲಿ ಪಿಸಿಒಡಿ ಇರೋರಿಗೆ ಉಪಯೋಗ ಆಗಿದೆ, ಆಂಟಗನಿಸ್ಟಲ್ಲಿ ಅಷ್ಟು ಖಚಿತ ಇಲ್ಲ. ಆಲ್ಬುಮಿನ್ ಮೊದಲು ತುಂಬ ಕೊಡ್ತಿದ್ರು, ಈಗ ತಡೆಯೋಕೆ ಅಂತ ಅದನ್ನ ನೆಚ್ಚಿಕೊಳ್ಳೋರು ಕಡಿಮೆ.

ಇವೆಲ್ಲ ಊರುಗೋಲು. ಕಾಲು ಅಂದ್ರೆ ಟ್ರಿಗರ್ ಮತ್ತೆ ಫ್ರೀಜ್. ಲ್ಯುಪ್ರೊಲೈಡ್ ಟ್ರಿಗರ್ ಕೊಟ್ಟು, ಜೊತೆಗೆ ಸ್ವಲ್ಪ ಎಚ್‌ಸಿಜಿ ಸೇರಿಸಿದ್ರೆ ಆ ಸ್ವಲ್ಪದಿಂದಲೂ ಕೆಲವರಿಗೆ ಬಂದಿದೆ. ಡ್ಯುಯಲ್ ಟ್ರಿಗರ್ ಅಂತ ಹೇಳಿದ್ರೆ ನಿಮಗೆ ಯಾಕೆ ಬೇಕು ಅಂತ ಕೇಳಿ. ಅಕ್ಕನಿಗೆ ಆಮೇಲೆ ಕೊಟ್ಟ ಎರಡು ಎಚ್‌ಸಿಜಿ ಇತ್ತಲ್ಲ, ಅದೂ ಅಷ್ಟೇ. ಗರ್ಭಕ್ಕೆ ಆಸರೆ ಬೇಕಂದ್ರೆ ಪ್ರೊಜೆಸ್ಟರಾನ್ ಇದೆ.

ಲ್ಯುಪ್ರೊಲೈಡ್ ಟ್ರಿಗರ್ ಕೊಟ್ಟು ಅದೇ ತಿಂಗಳು ಭ್ರೂಣ ಇಟ್ಟರೆ ಗರ್ಭ ನಿಲ್ಲೋ ಸಾಧ್ಯತೆ ಕಮ್ಮಿ, ಗರ್ಭಕೋಶಕ್ಕೆ ಸಿಗಬೇಕಾದ ಹಾರ್ಮೋನ್ ಬೇಗ ಇಳಿದುಬಿಡುತ್ತೆ. ಫ್ರೀಜ್ ಮಾಡಿದ್ರೆ ಆ ಚಿಂತೆ ಇಲ್ಲ. ಹಾಗಾಗಿ ಈ ಎರಡೂ ಜೋಡಿ ಎತ್ತು ಇದ್ದಂಗೆ, ಒಂದನ್ನ ಬಿಟ್ಟು ಒಂದನ್ನ ಹೂಡಬಾರದು. ಇಷ್ಟೆಲ್ಲ ಮಾಡಿದ್ರೂ ಅಪರೂಪಕ್ಕೆ ಒಬ್ಬಿಬ್ಬರಿಗೆ ಬಂದಿರೋದು ಉಂಟು. ಅದಕ್ಕೇ ಆಮೇಲೂ ನಿಗಾ ಇರಬೇಕು.

ಸರಸ್ವತಿಪುರಂ_ಸುಮ್ಮನೆ
ಶನಿವಾರ, ಸಂಜೆ 4:05

ನನ್ನದು ಬೇರೆ ಪ್ರಶ್ನೆ. ಪಿಜಿಯಲ್ಲಿ ಜೊತೆಗಿರೋ ಹುಡುಗಿಗೆ ಯಾರೋ ಮೊಟ್ಟೆ ದಾನ ಮಾಡಿದ್ರೆ ದುಡ್ಡು ಕೊಡಿಸ್ತೀನಿ ಅಂದಿದಾರಂತೆ. ಹಿಂದೆ ಒಂದ್ಸಲ ಕೊಟ್ಟಿದಾಳಂತೆ, ವಯಸ್ಸು 22. ಅವಳಿಗೂ ಈ ತೊಂದರೆ ಆಗಬಹುದಾ?

ಡ್ಯೂಟಿ_ಸಿಸ್ಟರ್
ಶನಿವಾರ, ಸಂಜೆ 4:40

ಖಂಡಿತ ಆಗಬಹುದು, ಚಿಕ್ಕ ವಯಸ್ಸು ಬೇರೆ. ದಯವಿಟ್ಟು ಅವಳನ್ನ ತಡೀರಿ. ಐವಿಎಫ್ ತರಹದ ಚಿಕಿತ್ಸೆಗೆ ಇರೋ 2021ರ ಎಆರ್‌ಟಿ ಕಾಯ್ದೆ ಪ್ರಕಾರ ದಾನಿಗೆ 23ರಿಂದ 35 ವಯಸ್ಸಿರಬೇಕು, ಜೀವಮಾನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಜಾಸ್ತಿ ಮೊಟ್ಟೆ ತೆಗೆಯೋ ಹಾಗಿಲ್ಲ, ಅವಳ ಹೆಸರಲ್ಲಿ ವಿಮೆ ಇರಬೇಕು. ದುಡ್ಡಿಗೆ ಮೊಟ್ಟೆ ಮಾರೋದು ಅಪರಾಧ. ಮಧ್ಯವರ್ತಿ ಇವತ್ತು ದುಡ್ಡು ಕೊಟ್ಟು ಹೋಗ್ತಾನೆ, ರಾತ್ರಿ ಉಸಿರು ಸಿಗದೆ ಇದ್ದಾಗ ಫೋನ್ ತೆಗೆಯೋದಿಲ್ಲ.

ಮಂಡ್ಯದ_ಸೊಸೆ
ಮಂಗಳವಾರ, ಸಂಜೆ 6:10

ಎಲ್ಲರಿಗೂ ಅಪ್‌ಡೇಟ್. ನಿನ್ನೆ ಶುರುವಾಯ್ತು. ನೀವು ಹೇಳಿದ್ದನ್ನೆಲ್ಲ ಒಂದು ಚೀಟೀಲಿ ಬರ್ಕೊಂಡು ಹೋಗಿದ್ದೆ. ಡಾಕ್ಟರ ಮುಂದೆ ಚೀಟಿ ತೆಗೆಯೋಕೆ ಸಂಕೋಚ ಆಯ್ತು. ನಮ್ಮ ಯಜಮಾನ್ರು ಮೊಣಕೈಯಲ್ಲಿ ತಿವಿದ್ರು, ತೆಗೆದೆ. ಡಾಕ್ಟರು ಸಿಟ್ಟು ಮಾಡ್ಲಿಲ್ಲ. ಚೀಟಿ ತಗೊಂಡು ಅದರ ಮೇಲೇ ಬರೆದುಕೊಟ್ಟರು: ಆಂಟಗನಿಸ್ಟ್, 125 ಯೂನಿಟ್, ಲ್ಯುಪ್ರೊಲೈಡ್ ಟ್ರಿಗರ್, ಎಲ್ಲ ಫ್ರೀಜ್. "ನಿಮಗೆ ಇದನ್ನೇ ಯೋಚನೆ ಮಾಡಿದ್ದೆ, ಹೇಳಬೇಕಿತ್ತು" ಅಂದ್ರು. ಅಷ್ಟು ಹೇಳಿದ್ದು ನನಗೆ ಸಾಕಾಯ್ತು.

ಇಂಜೆಕ್ಷನ್‌ನ ಐಸ್ ಪ್ಯಾಕ್ ಇಟ್ಟ ಟಿಫನ್ ಬಾಕ್ಸಲ್ಲಿ ರೈಲಲ್ಲಿ ತಂದೆ. ಫ್ರಿಡ್ಜಲ್ಲಿ ಹಾಲಿನ ಪಕ್ಕ ಇದೆ. ನಮ್ಮತ್ತೆ ಅದರ ಮುಂದೆ ಒಂದು ಬಟ್ಟಲು ಅಡ್ಡ ಇಟ್ಟಿದಾರೆ, ಯಾರೂ ಮುಟ್ಟಬಾರದು ಅಂತ.

ಮಂಡ್ಯದ_ಸೊಸೆ
ಬುಧವಾರ, ರಾತ್ರಿ 10:30

ಇವತ್ತು ಹತ್ತನೇ ದಿನ. ಡೋಸ್ ಇಷ್ಟು ಕಡಿಮೆ ಕೊಟ್ಟರೂ ಎರಡೂ ಕಡೆ ಸೇರಿ 31 ಫಾಲಿಕಲ್. ಎಸ್ಟ್ರಡಿಯಾಲ್ (ಫಾಲಿಕಲ್ ಬಿಡೋ ಹಾರ್ಮೋನ್) 4,200, ತುಂಬ ಜಾಸ್ತಿ. ಡಾಕ್ಟರು ರಿಪೋರ್ಟ್ ನೋಡಿ, ಎಚ್‌ಸಿಜಿ ಕೊಡಬಾರದು ಅಂತ ಮೊದಲೇ ಅಂದ್ಕೊಂಡಿದ್ದು ಒಳ್ಳೇದಾಯ್ತು ಅಂದ್ರು. ಈಗಷ್ಟೇ ಟ್ರಿಗರ್ ಆಯ್ತು. ಪಕ್ಕದ ಬೀದಿಯ ನರ್ಸಮ್ಮ ಬಂದು ಹೇಳಿದ ನಿಮಿಷಕ್ಕೆ ಸರಿಯಾಗಿ ಕೊಟ್ಟರು. ಕೆಬರ್ಗೊಲಿನ್ ಇವತ್ತಿಂದ. ಭಯ ಇದೆ ಅಕ್ಕ.

ಕುವೆಂಪುನಗರ_ಅಕ್ಕ
ಬುಧವಾರ, ರಾತ್ರಿ 10:48

ಇದೀನಿ ತಂಗಿ. ನಾಳೆ ಬೆಳಗ್ಗೆಯಿಂದ ಒಂದು ಕೆಲಸ ಮಾಡು. ಎದ್ದು ಉಚ್ಚೆ ಮಾಡಿ ಬಂದ ಮೇಲೆ, ಏನೂ ತಿನ್ನೋ ಮುಂಚೆ, ತೂಕ ನೋಡು. ಟೈಲರ್ ಟೇಪಲ್ಲಿ ಹೊಕ್ಕಳ ಮೇಲೆ ಹೊಟ್ಟೆ ಸುತ್ತಳತೆ ತಗೋ. ಅಡುಗೆಮನೆ ಕ್ಯಾಲೆಂಡರಲ್ಲಿ ಆ ದಿನದ ಮನೇಲೇ ಎರಡನ್ನೂ ಬರಿ. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಜಾಸ್ತಿ ಏರಿದ್ರೆ, ಉಚ್ಚೆ ಕಮ್ಮಿ ಆಗಿ ಬಣ್ಣ ತಿರುಗಿದ್ರೆ, ವಾಂತಿ ನಿಲ್ಲದೆ ಇದ್ರೆ, ಮಲಗಿದಾಗ ಉಸಿರು ಕಟ್ಟಿದ್ರೆ, ಒಂದೇ ಕಾಲಿನ ಮೀನಖಂಡ ನೋವು ಬಂದು ಊದಿದ್ರೆ, ರಾತ್ರಿ ಎರಡು ಗಂಟೆ ಆಗಿದ್ರೂ ಹೊರಡು. ಗ್ಯಾಸ್ ಅಂತ ಫೋನಲ್ಲಿ ಹೇಳಿದ್ರೆ ಕೇಳಬೇಡ, ಬಂದು ನೋಡಿ ಹೇಳಿ ಅನ್ನು.

ಡ್ಯೂಟಿ_ಸಿಸ್ಟರ್
ಗುರುವಾರ, ಬೆಳಗ್ಗೆ 7:00

ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಡೈಕ್ಲೋಫೆನಕ್, ಐಬುಪ್ರೊಫೆನ್ ಬೇಡ, ಕಿಡ್ನಿಗೆ ಕಷ್ಟ. ಮೆಡಿಕಲ್ ಶಾಪಲ್ಲಿ "ಹೊಟ್ಟೆನೋವಿಗೆ" ಅಂತ ಕೇಳಿ ಏನೂ ತರಬೇಡಿ. ಪೂರ್ತಿ ಮಲಗಿಬಿಡಬೇಡಿ, ಮನೆಯೊಳಗೇ ನಿಧಾನ ಓಡಾಡಿ, ರಕ್ತ ಹರೀತಿರಬೇಕು.

ಪಾಂಡವಪುರ_ಗೌಡ
ಭಾನುವಾರ, ಬೆಳಗ್ಗೆ 7:40

ನಮ್ಮನೇವಳ ಟ್ರೀಟ್‌ಮೆಂಟ್‌ಗೂ ಅದೇ ಟ್ರಿಗರ್ ಅಂತ ಡಾಕ್ಟ್ರು ಒಪ್ಪವ್ರೆ. ಫ್ರೀಜಿಂಗ್ ಖರ್ಚು ಬೇರೆ ಆಯ್ತದೆ ಅಂದ್ರು. ಆಗ್ಲಿ ಅಂದೆ. ಎಳನೀರು ದಿನಕ್ಕೊಂದೇ ಮಾಡಿವ್ನಿ. ಫ್ರೀಜ್ ಮಾಡುದ್ರೆ ಎಷ್ಟು ದಿನ ಇಡ್ತಾರೆ?

ಪ್ರಾಣಿಶಾಸ್ತ್ರ_ಮೇಷ್ಟ್ರು
ಭಾನುವಾರ, ಬೆಳಗ್ಗೆ 9:10

ಕಾಯ್ದೆ ಪ್ರಕಾರ ಹತ್ತು ವರ್ಷದವರೆಗೆ ಇಡಬಹುದು ಗೌಡ್ರೆ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿರುತ್ತದೆ. ಅಷ್ಟು ಅವಸರ ಯಾರಿಗೂ ಇರುವುದಿಲ್ಲ, ಒಂದೆರಡು ತಿಂಗಳಲ್ಲಿ ಅಂಡಾಶಯ ಇಳಿದ ಮೇಲೆ ಇಡುತ್ತಾರೆ. ಕಾಗದಕ್ಕೆ ಸಹಿ ಹಾಕುವ ಮುಂಚೆ ವರ್ಷಕ್ಕೆ ಎಷ್ಟು ಬಾಡಿಗೆ ಎಂದು ಓದಿ.

ಮಂಡ್ಯದ_ಸೊಸೆ
ಗುರುವಾರ, ಬೆಳಗ್ಗೆ 8:20

ಶುಕ್ರವಾರ ಮೊಟ್ಟೆ ತೆಗೆದ್ರು. 22 ಸಿಕ್ಕಿತ್ತು, 17 ಮಾಗಿತ್ತು. ನಿನ್ನೆ ಲ್ಯಾಬಿಂದ ಫೋನ್ ಬಂತು, ಐದನೇ ದಿನದ ಭ್ರೂಣ ಆರು ಫ್ರೀಜ್ ಆಗಿದೆಯಂತೆ.

ಕ್ಯಾಲೆಂಡರ್ ಹೇಳ್ತೀನಿ. ಟ್ರಿಗರ್ ಮಾರನೇ ದಿನ 54.4 ಕಿಲೋ, ಸುತ್ತಳತೆ 78 ಸೆಂಟಿಮೀಟರ್. ಭಾನುವಾರ 55.2, ಸುತ್ತಳತೆ 81. ಆವತ್ತು ಹೊಟ್ಟೆ ಬಿಗಿ ಇತ್ತು, ಊಟ ಸೇರ್ಲಿಲ್ಲ, ಅನ್ನಕ್ಕೆ ಮಜ್ಜಿಗೆ ಹಾಕ್ಕೊಂಡು ಎರಡು ತುತ್ತು ತಿಂದೆ. ರಾತ್ರಿ ಹೆದರಿ ಸಿಸ್ಟರಿಗೆ ಮೆಸೇಜ್ ಮಾಡಿದ್ದೆ, ಉಚ್ಚೆ ಚೆನ್ನಾಗಿ ಹೋಗ್ತಿದೆಯಾ ಅಂತ ಕೇಳಿದ್ರು, ಹೋಗ್ತಿತ್ತು. ಸೋಮವಾರ ರಕ್ತ ಪರೀಕ್ಷೆಗೆ ಕರೆಸಿದ್ರು, ಹೆಮಟೋಕ್ರಿಟ್ 38. ಮಂಗಳವಾರ 55, ನಿನ್ನೆ 54.5. ಇವತ್ತು ಬೆಳಗ್ಗೆ ಮುಟ್ಟೂ ಆಯ್ತು. ಈ ಟ್ರಿಗರ್ ಕೊಟ್ಟರೆ ಬೇಗ ಆಗುತ್ತೆ ಅಂತ ಮೊದಲೇ ಹೇಳಿದ್ರು.

ಆರು ವರ್ಷದಲ್ಲಿ ಮುಟ್ಟಾದಾಗ ಅಳದೆ ಇದ್ದಿದ್ದು ಇದೇ ಮೊದಲು.

ಕುವೆಂಪುನಗರ_ಅಕ್ಕ
ಗುರುವಾರ, ಬೆಳಗ್ಗೆ 8:26

ಓದಿ ಕಣ್ಣು ತುಂಬಿ ಬಂತು ತಂಗಿ. ಒಂದು ಹೇಳು, ಲಂಗದ ಲಾಡಿ?

ಮಂಡ್ಯದ_ಸೊಸೆ
ಗುರುವಾರ, ಬೆಳಗ್ಗೆ 8:31

ಕಟ್ತಿದೀನಿ ಅಕ್ಕ. ಗಂಟು ಹಾಕಿ ಇನ್ನೂ ಒಂದು ಗೇಣು ಉಳೀತಿದೆ.